ಬುದ್ಧಿಹಲ್ಲು ಕೀಳಿಸಿಕೊಂಡ ದಂತವೈದ್ಯ

ಮಕ್ಕಳೇ, ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಓಡಾಡುವಾಗ ಅಂಗಡಿ ಸಾಲಿನ ಬೋರ್ಡುಗಳನ್ನು ಒಮ್ಮೆ ಗಮನಿಸಿ. ಬಿಳಿ ಹಲ್ಲಿನ ಚಿತ್ರವಿರುವ ಬೋರ್ಡುಗಳು ಎಷ್ಟೊಂದು ಕಾಣುತ್ತವೆ! ಜೆ.ಪಿ. ನಗರದಲ್ಲಿ ಆರ್.ವಿ. ದಂತ ವೈದ್ಯಕೀಯ ಕಾಲೇಜೇ ಇದೆ. ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಇಂಥ ಕಡೆ ಬರುವವರೆಲ್ಲ ಹಲ್ಲು ಅಲ್ಲಾಡುವ ಅಜ್ಜ ಅಜ್ಜಿಯರು ಎಂದುಕೊಳ್ಳಬೇಡಿ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನ ಅಣ್ಣ ಅಕ್ಕಂದಿರೂ ಕೆನ್ನೆಗೆ ಕೈ ಕೊಟ್ಟು ಕುಳಿತಿರುತ್ತಾರೆ. ಬಿ.ಟಿ.ಎಂ. ಬಡಾವಣೆಯಂತಹ ಕಡೆ ಓದಲು, ಕೆಲಸ ಮಾಡಲು ಬಂದು ಪಿ.ಜಿ.ಗಳಲ್ಲಿ ಇರುವವರ ವಯಸ್ಸೂ ಇದೇ. ಅವರಲ್ಲಿ ಅನೇಕರ ದೂರು ಒಂದೇ ಬಗೆಯದು. ಬಾಯಿಯ ಕಟ್ಟಕಡೆಯಲ್ಲಿ ಹೊಸ ಹಲ್ಲು ಬರುತ್ತಿದೆ, ವಸಡು ಊದಿದೆ, ಬಾಯಿ ತೆರೆಯಲು ಆಗುತ್ತಿಲ್ಲ.

ಇದೇ ಬುದ್ಧಿಹಲ್ಲು.

ಈಗ ಒಂದು ಕನ್ನಡಿ ತೆಗೆದುಕೊಂಡು ನಿಮ್ಮ ಹಲ್ಲುಗಳನ್ನು ಎಣಿಸಿ. ಹಾಲುಹಲ್ಲುಗಳು ಒಟ್ಟು 20. ಸುಮಾರು 6ನೇ ವಯಸ್ಸಿಗೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಯಾವ ಹಾಲುಹಲ್ಲೂ ಬೀಳದೆ ಹಿಂದಿನ ಖಾಲಿ ಜಾಗದಲ್ಲಿ ಅದು ಮೂಡುವುದರಿಂದ ಬಹಳ ಮನೆಗಳಲ್ಲಿ ಅದನ್ನೂ ಹಾಲುಹಲ್ಲು ಎಂದೇ ಭಾವಿಸಿ ಹುಳುಕಾಗಲು ಬಿಡುತ್ತಾರೆ. ಸುಮಾರು 12ನೇ ವಯಸ್ಸಿಗೆ ಎರಡನೆಯ ದವಡೆಹಲ್ಲು. ಅಲ್ಲಿಗೆ ಲೆಕ್ಕ 28. ಏಳನೆಯ ತರಗತಿಯವರಾದರೆ ನಿಮ್ಮಲ್ಲಿ ಬಹುಮಂದಿಗೆ ಇದೇ ಸಂಖ್ಯೆ ಸಿಗಬೇಕು. ಉಳಿದ ನಾಲ್ಕು ಹಲ್ಲುಗಳು ಬರುವುದು ಸಾಮಾನ್ಯವಾಗಿ 17ರಿಂದ 25ನೇ ವಯಸ್ಸಿನಲ್ಲಿ. ಮನುಷ್ಯನಿಗೆ ಬುದ್ಧಿ ಬಲಿಯುವ ವಯಸ್ಸು ಅದು ಎಂದು ಹಿಂದಿನವರು ಆ ಹೆಸರು ಕೊಟ್ಟರು. ಹಲ್ಲಿಗೂ ಬುದ್ಧಿಗೂ ಬೇರೇನೂ ಸಂಬಂಧವಿಲ್ಲ. ಕೆಲವರಿಗೆ ನಾಲ್ಕೂ ಬರುತ್ತವೆ, ಕೆಲವರಿಗೆ ಒಂದೋ ಎರಡೋ, ಕೆಲವರಿಗೆ ಒಂದೂ ಬರುವುದಿಲ್ಲ. ಬಾರದವರು ದಡ್ಡರೇನೂ ಅಲ್ಲ!

ತಡವಾಗಿ ಬರುವ ಹಲ್ಲಿಗೆ ಜಾಗದ ಅಭಾವ. ಕೊನೆಯ ನಿಲ್ದಾಣದಲ್ಲಿ ಬಸ್ಸು ಹತ್ತಲು ಬಂದವರ ಪಾಡು. ನಮ್ಮ ಬಹು ಹಿಂದಿನ ಪೂರ್ವಜರು ಗಟ್ಟಿ ಬೇರು, ಒರಟು ಮಾಂಸ ಜಗಿಯುತ್ತಿದ್ದರು. ಅವರ ದವಡೆ ದೊಡ್ಡದಾಗಿತ್ತು. ಬೇಯಿಸಿದ ಮೆತ್ತನೆಯ ಆಹಾರ ತಿನ್ನುತ್ತ ಬಂದಂತೆ ದವಡೆಗೆ ಕೆಲಸ ಕಡಿಮೆಯಾಯಿತು, ಅದು ಚಿಕ್ಕದಾಯಿತು, ಹಲ್ಲಿನ ಸಂಖ್ಯೆ ಮಾತ್ರ ಹಾಗೇ ಉಳಿಯಿತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ನಮ್ಮ ಕಡೆ ರಾಗಿ ಮುದ್ದೆಯನ್ನು ಅಗಿಯುವುದೇ ಇಲ್ಲ, ನುಂಗುತ್ತೇವೆ. ದವಡೆಗೆ ನಿಜವಾದ ಕೆಲಸ ಸಿಗುವುದು ಬಸವನಗುಡಿಯ ಕಡಲೆಕಾಯಿ ಪರಿಷೆಯ ದಿನ! ಜಾಗ ಸಿಗದ ಬುದ್ಧಿಹಲ್ಲು ಅಡ್ಡಡ್ಡ ಮಲಗುತ್ತದೆ, ಮುಂದಿನ ಹಲ್ಲನ್ನು ಒತ್ತುತ್ತದೆ, ಇಲ್ಲವೇ ಅರ್ಧ ಹೊರಬಂದು ವಸಡಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆ ಸಂದಿಯಲ್ಲಿ ಅನ್ನದ ಅಗುಳು, ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಆಗ ವೈದ್ಯರು ಎಕ್ಸ್-ರೇ ತೆಗೆದು ನೋಡಿ, ಬೇಕಿದ್ದರೆ ಹಲ್ಲನ್ನು ತೆಗೆಯುತ್ತಾರೆ. ನೆಟ್ಟಗೆ ಬಂದು ತೊಂದರೆ ಕೊಡದ ಬುದ್ಧಿಹಲ್ಲನ್ನು ತೆಗೆಯಬೇಕಾಗಿಲ್ಲ.

ತೆಗೆಯುವುದು ಸಣ್ಣ ಕೆಲಸವಲ್ಲ. ವಸಡನ್ನು ಸೀಳಬೇಕು, ಕೆಲವೊಮ್ಮೆ ಸುತ್ತಲಿನ ಮೂಳೆಯನ್ನು ಸ್ವಲ್ಪ ಕೊರೆಯಬೇಕು, ಹಲ್ಲನ್ನೇ ಎರಡು ಮೂರು ತುಂಡು ಮಾಡಿ ಹೊರತೆಗೆಯಬೇಕು, ಆಮೇಲೆ ಹೊಲಿಗೆ ಹಾಕಬೇಕು. ಇಷ್ಟೆಲ್ಲ ಆಗುವಾಗ ರೋಗಿ ಎಚ್ಚರವಾಗಿಯೇ ಇರುತ್ತಾನೆ. ವೈದ್ಯರು ಮೊದಲು ಲಿಗ್ನೊಕೇನ್ ಎಂಬ ಔಷಧವನ್ನು ನರದ ಹತ್ತಿರಕ್ಕೆ ಚುಚ್ಚಿರುತ್ತಾರೆ. ಅರ್ಧ ತುಟಿ ಮರಗಟ್ಟುತ್ತದೆ. ಒತ್ತಿದ್ದು, ಎಳೆದದ್ದು ತಿಳಿಯುತ್ತದೆ, ನೋವು ಮಾತ್ರ ತಿಳಿಯುವುದಿಲ್ಲ. ಆಮೇಲೆ ಗಾಜ್ ಬಟ್ಟೆಯ ಉಂಡೆ ಕಚ್ಚಿಕೊಂಡು ಮನೆಗೆ ಹೋಗಬಹುದು. ಆ ದಿನ ಬಾಯಿ ಮುಕ್ಕಳಿಸಬಾರದು, ಉಗುಳುತ್ತಿರಬಾರದು. ಗುಣಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಿತ್ತುಬಂದರೆ ಒಳಗಿನ ಮೂಳೆ ಬಯಲಾಗಿ ವಿಪರೀತ ನೋವು.

ಹಲ್ಲು ಕೀಳಿಸಿಕೊಳ್ಳುವಾಗ ನೋವು ಆಗದಂತೆ ಮಾಡಬಹುದು ಎಂದು ತನ್ನ ಬಾಯಿಯನ್ನೇ ಒಡ್ಡಿ ತೋರಿಸಿದ ದಂತವೈದ್ಯನೊಬ್ಬನಿದ್ದ. ಅವನ ಹೆಸರು ಹೊರೇಸ್ ವೆಲ್ಸ್. ಅವನು ಕೀಳಿಸಿಕೊಂಡದ್ದೂ ಬುದ್ಧಿಹಲ್ಲನ್ನೇ.

ಕಿರುಚಾಟದ ಕಾಲ

ಹೊರೇಸ್ ವೆಲ್ಸ್ ಹುಟ್ಟಿದ್ದು 1815ರ ಜನವರಿ 21ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ. ಮುಂದೆ ಅವನು ಕೆಲಸ ಮಾಡಿದ್ದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ಎರಡೂ ಬೇರೆ ಬೇರೆ ಊರುಗಳು. ನಮ್ಮಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರು ತಾಲ್ಲೂಕಿಗೊಂದು ಇರುವಂತೆ ಅಲ್ಲಿಯೂ ಒಂದೇ ಹೆಸರಿನ ಊರುಗಳುಂಟು.

ಅವನು 19ನೇ ವಯಸ್ಸಿನಲ್ಲಿ ಬಾಸ್ಟನ್ ನಗರಕ್ಕೆ ಹೋಗಿ ಹಲ್ಲಿನ ಕೆಲಸ ಕಲಿತ. ಕಾಲೇಜಿನಲ್ಲಿ ಅಲ್ಲ. ದಂತವೈದ್ಯ ಕಲಿಸುವ ಮೊದಲ ಕಾಲೇಜು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ತೆರೆದದ್ದೇ 1840ರಲ್ಲಿ. ಬಡಗಿಯ ಹತ್ತಿರ ಬಡಗಿತನ, ಅಕ್ಕಸಾಲಿಗನ ಹತ್ತಿರ ಚಿನ್ನದ ಕೆಲಸ ಕಲಿಯುವಂತೆ ಅಂದು ಹಲ್ಲಿನ ಕೆಲಸವನ್ನೂ ಕಲಿಯಬೇಕಿತ್ತು. ವೆಲ್ಸ್‌ನ ಕೈ ಚುರುಕು. ತನಗೆ ಬೇಕಾದ ಉಪಕರಣಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. 1836ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಸ್ವಂತ ಚಿಕಿತ್ಸಾಲಯ ತೆರೆದ. ಎರಡು ವರ್ಷದ ನಂತರ ಹಲ್ಲುಗಳ ಬಗ್ಗೆ ಒಂದು ಪುಟ್ಟ ಪುಸ್ತಕವನ್ನೂ ಬರೆದ. ಸಕ್ಕರೆಯಿಂದ ಹಲ್ಲಿಗೆ ಹಾನಿ, ಬ್ರಷ್ಷಿನಿಂದ ಹಲ್ಲುಜ್ಜಬೇಕು ಎಂದು ಅದರಲ್ಲಿ ಹೇಳಿದ್ದ. ಅದೇ ವರ್ಷ ಎಲಿಜಬೆತ್ ಎಂಬಾಕೆಯೊಡನೆ ಅವನ ಮದುವೆಯಾಯಿತು. ಮರುವರ್ಷ ಚಾರ್ಲ್ಸ್ ಎಂಬ ಮಗ ಹುಟ್ಟಿದ.

ಊರಿನಲ್ಲಿ ಒಳ್ಳೆಯ ಹೆಸರು, ಕೈತುಂಬ ಕೆಲಸ. ಆದರೆ ಅಂದಿನ ಹಲ್ಲಿನ ಕೆಲಸ ಎಂದರೆ ಏನೆಂದು ಊಹಿಸಿಕೊಳ್ಳಿ. ಅರಿವಳಿಕೆ ಇಲ್ಲ. ಸ್ವಲ್ಪ ಮದ್ಯ ಕುಡಿಸುವುದು, ಅಫೀಮು ಕೊಡುವುದು, ಇಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳುವುದು, ಆಮೇಲೆ ಇಕ್ಕಳ. ಕೈ ಎಷ್ಟು ಬೇಗ ಓಡುತ್ತದೆಯೋ ಅಷ್ಟು ಒಳ್ಳೆಯ ವೈದ್ಯ. ಹುಳುಕು ಹಲ್ಲಿನ ನೋವನ್ನು ತಿಂಗಳುಗಟ್ಟಲೆ ಸಹಿಸುತ್ತಿದ್ದ ಜನ ಕೀಳಿಸಲು ಮಾತ್ರ ಬರುತ್ತಿರಲಿಲ್ಲ. ದಿನವೂ ಈ ಕಿರುಚಾಟ ಕೇಳಬೇಕಾದ ವೆಲ್ಸ್‌ಗೆ ಮನಸ್ಸಿನಲ್ಲಿ ಒಂದೇ ಪ್ರಶ್ನೆ. ನೋವಿಲ್ಲದೆ ಹಲ್ಲು ಕೀಳುವ ದಾರಿ ಯಾವುದಾದರೂ ಇದೆಯೇ?

ದಾರಿ ಇತ್ತು. ಅದು ಪುಸ್ತಕವೊಂದರಲ್ಲಿ ಅಚ್ಚಾಗಿ 44 ವರ್ಷ ಸುಮ್ಮನೆ ಬಿದ್ದಿತ್ತು.

ಡೇವಿಯ ಬುದ್ಧಿಹಲ್ಲು

ಇಲ್ಲಿ ಕತೆ ಸ್ವಲ್ಪ ಹಿಂದಕ್ಕೆ, ಇಂಗ್ಲೆಂಡಿಗೆ ಹೋಗಬೇಕು. ಆಮ್ಲಜನಕದ ಪಾಠದಲ್ಲಿ ಬರುವ ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಕಂಡುಹಿಡಿದಿದ್ದ. ಅದರ ಒಂದು ಅಣುವಿನಲ್ಲಿ ನೈಟ್ರೋಜನ್‌ನ ಎರಡು ಪರಮಾಣು, ಆಕ್ಸಿಜನ್‌ನ ಒಂದು ಪರಮಾಣು. ಬಣ್ಣವಿಲ್ಲ, ನಸು ಸಿಹಿ ವಾಸನೆ. ಮುಂದೆ ಗಣಿಗಳ ಸುರಕ್ಷಾ ದೀಪದಿಂದ ಹೆಸರಾದ ಹಂಫ್ರಿ ಡೇವಿ 1799ರಲ್ಲಿ ಬ್ರಿಸ್ಟಲ್ ನಗರದಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ ನೋಡಿದ. ಆಗ ಅವನಿಗೆ ಇನ್ನೂ ಇಪ್ಪತ್ತರ ವಯಸ್ಸು. ತಲೆ ಹಗುರವಾಯಿತು, ಖುಷಿಯಾಯಿತು, ನಗು ಬಂತು. ಅದಕ್ಕೇ ಇದಕ್ಕೆ ನಗೆ ಅನಿಲ ಎಂಬ ಹೆಸರು.

ಇಪ್ಪತ್ತರ ವಯಸ್ಸು ಎಂದೆನಲ್ಲ, ಬುದ್ಧಿಹಲ್ಲಿನ ವಯಸ್ಸು! ಡೇವಿಗೂ ಆಗಲೇ ಬುದ್ಧಿಹಲ್ಲು ಮೂಡುತ್ತಿತ್ತು. ವಸಡು ಊದಿ, ನಿದ್ದೆ ಕೆಡಿಸಿ, ಕೆಲಸವನ್ನೂ ಕೆಡಿಸಿತು. ನೋವಿದ್ದಾಗ ಅನಿಲ ಸೇವಿಸಿದ. ನಾಲ್ಕೈದು ಉಸಿರಿಗೇ ನೋವು ತಗ್ಗಿತು. ಅನಿಲದ ಪ್ರಭಾವ ಇಳಿದಂತೆ ಮತ್ತೆ ಬಂತು. ಇದನ್ನು ಅವನು 1800ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರೆದಿಟ್ಟ. ಹೆಚ್ಚು ರಕ್ತ ಹೋಗದ ಶಸ್ತ್ರಚಿಕಿತ್ಸೆಗಳಲ್ಲಿ ಈ ಅನಿಲ ಉಪಯೋಗಕ್ಕೆ ಬರಬಹುದು ಎಂದು ಸೂಚನೆಯನ್ನೂ ಕೊಟ್ಟ. ಆದರೆ ಅವನ ಗಮನ ವಿದ್ಯುತ್ತು, ಹೊಸ ಮೂಲಧಾತುಗಳ ಕಡೆ ಹೊರಳಿತು. ಶಸ್ತ್ರವೈದ್ಯರು ಆ ಸಾಲನ್ನು ಕೈಗೆತ್ತಿಕೊಳ್ಳಲಿಲ್ಲ. ಕೈಗೆತ್ತಿಕೊಂಡವರು ಯಾರು ಗೊತ್ತೆ? ಊರೂರು ಸುತ್ತಿ ತಮಾಷೆ ತೋರಿಸುವವರು!

ಇಪ್ಪತ್ತೈದು ಸೆಂಟಿನ ತಮಾಷೆ

1844ರ ಡಿಸೆಂಬರ್ 10ರ ಸಂಜೆ. ಹಾರ್ಟ್‌ಫರ್ಡ್‌ಗೆ ಗಾರ್ಡ್ನರ್ ಕೋಲ್ಟನ್ ಎಂಬಾತ ನಗೆ ಅನಿಲದ ಪ್ರದರ್ಶನ ತಂದಿದ್ದ. ಟಿಕೆಟ್ಟಿನ ಬೆಲೆ 25 ಸೆಂಟ್. ವೇದಿಕೆಗೆ ಬಂದವರಿಗೆ ಚೀಲದಿಂದ ಅನಿಲ ಎಳೆಯಲು ಕೊಡುತ್ತಿದ್ದ. ಅವರು ಕುಣಿಯುವುದು, ತೊದಲುವುದು, ಜಗಳಕ್ಕೆ ಹೋಗುವುದು ನೋಡಿ ಜನ ನಗುತ್ತಿದ್ದರು. ವೆಲ್ಸ್ ತನ್ನ ಹೆಂಡತಿಯೊಡನೆ ಹೋಗಿದ್ದ.

ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ಯುಯೆಲ್ ಕೂಲಿ ಎಂಬ ಯುವಕ ಅನಿಲ ಎಳೆದು ಹಾರಾಡುವಾಗ ಕಾಲಿಗೆ ಬಲವಾಗಿ ಪೆಟ್ಟು ಮಾಡಿಕೊಂಡ. ಬಂದು ತನ್ನ ಜಾಗದಲ್ಲಿ ಕುಳಿತ. ಕಾಲಿನಿಂದ ರಕ್ತ ಇಳಿಯುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಅನಿಲದ ಅಮಲು ಇಳಿದ ಮೇಲೆಯೇ ಅವನು ಗಾಯ ನೋಡಿಕೊಂಡದ್ದು.

ಸಭೆಯಲ್ಲಿದ್ದವರೆಲ್ಲ ಕೂಲಿಯ ಕುಣಿತ ನೋಡಿದರು. ವೆಲ್ಸ್ ಅವನ ಕಾಲು ನೋಡಿದ. ಪ್ರದರ್ಶನ ಮುಗಿದೊಡನೆ ಕೋಲ್ಟನ್ ಬಳಿಗೆ ಹೋದ. ಅನಿಲ ಎಳೆದವನ ಹಲ್ಲು ಕಿತ್ತರೆ ಅವನಿಗೆ ನೋವು ತಿಳಿಯಲಿಕ್ಕಿಲ್ಲ ಎಂದು ತನಗೆ ತೋರುತ್ತಿದೆ, ಮರುದಿನ ಒಂದು ಚೀಲ ಅನಿಲ ತರಲಾದೀತೇ ಎಂದು ಕೇಳಿದ. ಆಮೇಲೆ ಗೆಳೆಯ ಜಾನ್ ರಿಗ್ಸ್ ಎಂಬ ದಂತವೈದ್ಯನ ಹತ್ತಿರ ಚರ್ಚಿಸಿದ. ಈ ರಿಗ್ಸ್ ಹಿಂದೆ ವೆಲ್ಸ್‌ನಿಂದಲೇ ಹಲ್ಲಿನ ಕೆಲಸ ಕಲಿತವನು. ಮುಂದೆ ವಸಡಿನ ರೋಗದ ಚಿಕಿತ್ಸೆಯಲ್ಲಿ ದೊಡ್ಡ ಹೆಸರು ಪಡೆದ.

ಇಲ್ಲಿ ಒಂದು ವಿಷಯ ಮರೆಯಬೇಡಿ. ತಮಾಷೆಗೆ ಅನಿಲ ಎಳೆಯುವವರು ಸ್ವಲ್ಪ ಅಮಲೇರಿದೊಡನೆ ನಿಲ್ಲಿಸುತ್ತಿದ್ದರು. ಹಲ್ಲು ಕೀಳಬೇಕಾದರೆ ಅಷ್ಟು ಸಾಲದು. ಪ್ರಜ್ಞೆ ತಪ್ಪುವವರೆಗೆ ಎಳೆದರೆ ಏನಾಗುತ್ತದೆ? ಮನುಷ್ಯ ಮತ್ತೆ ಏಳುತ್ತಾನೆಯೇ? ಯಾರಿಗೂ ಗೊತ್ತಿರಲಿಲ್ಲ. ಯಾರ ಮೇಲೆ ಪರೀಕ್ಷಿಸುವುದು? ರೋಗಿಯ ಮೇಲೆ ಬೇಡ, ತನ್ನ ಮೇಲೆಯೇ ಆಗಲಿ ಎಂದು ವೆಲ್ಸ್ ನಿರ್ಧರಿಸಿದ. ಅವನ ಬಾಯಲ್ಲೂ ಕಾಟ ಕೊಡುತ್ತಿದ್ದ ಒಂದು ಬುದ್ಧಿಹಲ್ಲು ಇತ್ತು.

ಡಿಸೆಂಬರ್ 11ರಂದು ವೆಲ್ಸ್ ತನ್ನದೇ ಚಿಕಿತ್ಸಾಲಯದಲ್ಲಿ ರೋಗಿಯ ಕುರ್ಚಿಯಲ್ಲಿ ಕುಳಿತ. ಕೋಲ್ಟನ್ ಚೀಲ ಹಿಡಿದ. ವೆಲ್ಸ್ ದೀರ್ಘವಾಗಿ ಎಳೆದ. ತಲೆ ಹಿಂದಕ್ಕೆ ವಾಲಿತು, ಕೈ ಜೋತುಬಿತ್ತು. ರಿಗ್ಸ್ ಇಕ್ಕಳ ಹಾಕಿ ಹಲ್ಲನ್ನು ಕಿತ್ತ. ಸ್ವಲ್ಪ ಹೊತ್ತಿಗೆ ವೆಲ್ಸ್ ಕಣ್ಣು ಬಿಟ್ಟ. ಸೂಜಿ ಚುಚ್ಚಿದಷ್ಟೂ ನೋವಾಗಲಿಲ್ಲವೆಂದು ಸಂಭ್ರಮದಿಂದ ತಿಳಿಸಿದ. ಆಗ ಅವನಿಗೆ 29 ವರ್ಷ.

ಕೋಲ್ಟನ್‌ನಿಂದ ಅನಿಲ ತಯಾರಿಸುವುದನ್ನೂ ಕಲಿತ. ಅಮೋನಿಯಂ ನೈಟ್ರೇಟನ್ನು ಎಚ್ಚರಿಕೆಯಿಂದ ಕಾಯಿಸಿದರೆ ಈ ಅನಿಲ ಬರುತ್ತದೆ. (ನೀವು ಇದನ್ನು ಮಾಡಹೋಗಬೇಡಿ. ಅತಿಯಾಗಿ ಬಿಸಿಯಾದರೆ ಆ ಲವಣ ಸಿಡಿಯುತ್ತದೆ.) ಮುಂದಿನ ವಾರಗಳಲ್ಲಿ ಹನ್ನೆರಡಕ್ಕೂ ಹೆಚ್ಚು ರೋಗಿಗಳಿಗೆ ಅನಿಲ ಕೊಟ್ಟು ಹಲ್ಲು ಕಿತ್ತ. ಬಹುಪಾಲು ಯಶಸ್ವಿಯಾಯಿತು. ಪೇಟೆಂಟ್ ಪಡೆದು ಹಣ ಮಾಡಬಹುದಿತ್ತು. ಉಸಿರಾಡುವ ಗಾಳಿಯ ಹಾಗೆ ಇದೂ ಎಲ್ಲರಿಗೂ ಬಿಟ್ಟಿ ಸಿಗಲಿ ಎಂದು ಅವನು ಪೇಟೆಂಟಿಗೆ ಹೋಗಲಿಲ್ಲ. ಊರಿನ ಇತರ ದಂತವೈದ್ಯರಿಗೂ ಹೇಳಿಕೊಟ್ಟ.

ಬಾಸ್ಟನ್‌ನಲ್ಲಿ ಆದದ್ದು

ದೊಡ್ಡ ವೈದ್ಯರು ಒಪ್ಪಿದರೆ ಶಸ್ತ್ರಚಿಕಿತ್ಸೆಗೂ ಇದು ಬಳಕೆಯಾದೀತು ಎಂದು ವೆಲ್ಸ್‌ನ ಆಸೆ. 1845ರ ಜನವರಿಯಲ್ಲಿ ಬಾಸ್ಟನ್‌ಗೆ ಹೋದ. ಅಲ್ಲಿ ಅವನ ಹಳೆಯ ಶಿಷ್ಯ, ಸ್ವಲ್ಪ ಕಾಲ ಪಾಲುದಾರನೂ ಆಗಿದ್ದ ವಿಲಿಯಂ ಮಾರ್ಟನ್ ಇದ್ದ. ಹೆಸರಾಂತ ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರೆನ್ ತನ್ನ ವಿದ್ಯಾರ್ಥಿಗಳ ಮುಂದೆ ಪ್ರಯೋಗ ತೋರಿಸಲು ವೆಲ್ಸ್‌ಗೆ ಅವಕಾಶ ಕೊಟ್ಟ. ಹಲ್ಲು ಕೀಳಿಸಿಕೊಳ್ಳಲು ಒಬ್ಬ ಮುಂದೆ ಬಂದ. ವೆಲ್ಸ್ ಅನಿಲ ಕೊಟ್ಟ, ಚೀಲ ತೆಗೆದ, ಹಲ್ಲಿಗೆ ಇಕ್ಕಳ ಹಾಕಿದ.

ರೋಗಿ ಕೂಗಿಕೊಂಡ.

ವಿದ್ಯಾರ್ಥಿಗಳು ಗೇಲಿ ಮಾಡಿದರು. ಮೋಸ, ಬೂಟಾಟಿಕೆ ಎಂದು ಕೂಗಿದರು. ಅಷ್ಟು ನೋವಾಗಲಿಲ್ಲ, ಹಲ್ಲು ಯಾವಾಗ ಬಂತೋ ಸರಿಯಾಗಿ ತಿಳಿಯಲಿಲ್ಲ ಎಂದು ಆ ರೋಗಿ ಆಮೇಲೆ ಹೇಳಿದನಂತೆ. ಕೇಳಲು ಯಾರೂ ನಿಂತಿರಲಿಲ್ಲ. ಚೀಲವನ್ನು ಬೇಗ ತೆಗೆದುಬಿಟ್ಟೆ ಎಂದು ವೆಲ್ಸ್‌ಗೆ ಆಮೇಲೆ ಅನ್ನಿಸಿತು.

ಅವನ ಊಹೆ ಸರಿ ಎಂದು ಇಂದು ನಾವು ವಿವರಿಸಬಲ್ಲೆವು. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ಕರಗುವುದು ಬಹಳ ಕಡಿಮೆ. ರಕ್ತವನ್ನು ಒಂದು ಪಾತ್ರೆ ಎಂದುಕೊಳ್ಳಿ. ಈ ಅನಿಲದ ಪಾಲಿಗೆ ಅದು ಪುಟ್ಟ ಲೋಟ. ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಕೆಲವೇ ಉಸಿರಿಗೆ ಪ್ರಭಾವ ತೋರುತ್ತದೆ, ಚೀಲ ತೆಗೆದರೆ ಒಂದೆರಡು ನಿಮಿಷದಲ್ಲಿ ಶ್ವಾಸಕೋಶದ ಮೂಲಕ ಹೊರಟುಹೋಗುತ್ತದೆ. ಈಥರ್ ಎಂಬ ಇನ್ನೊಂದು ದ್ರವದ ಆವಿ ರಕ್ತದಲ್ಲಿ ಚೆನ್ನಾಗಿ ಕರಗುತ್ತದೆ. ಅದಕ್ಕೆ ರಕ್ತ ಒಂದು ದೊಡ್ಡ ಹಂಡೆ. ತುಂಬಲು ಸಮಯ ಬೇಕು, ಬರಿದಾಗಲೂ ಸಮಯ ಬೇಕು. ಆ ಮೇಲೆ, ನೈಟ್ರಸ್ ಆಕ್ಸೈಡ್ ದುರ್ಬಲ ಅರಿವಳಿಕೆ. ಎಲ್ಲರನ್ನೂ ಅದೊಂದೇ ಪೂರ್ತಿ ನಿದ್ದೆಗೆ ತಳ್ಳಲಾರದು. ವೆಲ್ಸ್ ಹಿಡಿದ ದಾರಿ ಸರಿಯಾಗಿತ್ತು, ಹೊತ್ತು ಮತ್ತು ಪ್ರಮಾಣ ಮಾತ್ರ ಹಿಡಿತಕ್ಕೆ ಬಂದಿರಲಿಲ್ಲ.

ಇಲ್ಲಿ ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ. ಗೇಲಿ ಮಾಡಿದವರು ವೈದ್ಯ ವಿದ್ಯಾರ್ಥಿಗಳು. ಇದಕ್ಕೆ ಮುಂಚೆ ಎಷ್ಟು ಜನರಿಗೆ ಕೊಟ್ಟಿದ್ದೀರಿ, ಎಷ್ಟು ಜನರಿಗೆ ನೋವಾಗಲಿಲ್ಲ, ಅವರಿಗೆ ಅನಿಲ ಎಷ್ಟು ಹೊತ್ತು ಕೊಟ್ಟಿರಿ ಎಂದು ಅವರು ಕೇಳಬೇಕಿತ್ತು. ಕೇಳಿದ್ದರೆ ಹಾರ್ಟ್‌ಫರ್ಡ್‌ನ ಹನ್ನೆರಡು ಹದಿನೈದು ಜನರ ಲೆಕ್ಕ ಅವರ ಮುಂದೆ ಬರುತ್ತಿತ್ತು. ಬಾಸ್ಟನ್‌ನ ಒಂದು ಕೂಗು ಅದೆಲ್ಲವನ್ನೂ ಅಳಿಸಿಹಾಕಿತು.

ಯಾರದು ಮೊದಲು?

ವೆಲ್ಸ್ ಮರುದಿನವೇ ಊರಿಗೆ ಹೊರಟ. ಕಾಯಿಲೆ ಬಿದ್ದ. ಹಲ್ಲಿನ ಕೆಲಸವನ್ನು ನಿಲ್ಲಿಸುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು ಹೀಗೆ ಆಯಿತು. ಪ್ರಾಣಿಪಕ್ಷಿಗಳ ಪ್ರದರ್ಶನ ಏರ್ಪಡಿಸಿದ. ಸ್ನಾನಕ್ಕೆ ನೀರು ಸುರಿಯುವ ಷವರ್ ಉಪಕರಣವೊಂದನ್ನು ರೂಪಿಸಿದ. ಯಾವುದರಲ್ಲೂ ನೆಮ್ಮದಿ ಸಿಗಲಿಲ್ಲ.

ಅತ್ತ ಮಾರ್ಟನ್ ಸುಮ್ಮನಿರಲಿಲ್ಲ. ನಗೆ ಅನಿಲದ ಬದಲು ಈಥರ್ ಹಿಡಿದ. 1846ರ ಸೆಪ್ಟೆಂಬರ್ 30ರಂದು ಈಥರ್ ಕೊಟ್ಟು ಒಬ್ಬನ ಹಲ್ಲು ಕಿತ್ತ. ಅಕ್ಟೋಬರ್ 16ರಂದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಅದೇ ವಾರೆನ್ ರೋಗಿಯೊಬ್ಬನ ಕುತ್ತಿಗೆಯ ಗಡ್ಡೆ ತೆಗೆಯುವಾಗ ಮಾರ್ಟನ್ ಈಥರ್ ಕೊಟ್ಟ. ರೋಗಿ ಕೂಗಲಿಲ್ಲ. ಸುದ್ದಿ ಹಡಗುಗಳಲ್ಲಿ ಲೋಕವೆಲ್ಲ ಹರಡಿತು. 1847ರಲ್ಲೇ ನಮ್ಮ ದೇಶದ ಕಲ್ಕತ್ತದಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ನಡೆಯಿತು. ಮಾರ್ಟನ್ ತನ್ನ ಔಷಧ ಈಥರ್ ಎಂದು ಯಾರಿಗೂ ತಿಳಿಯದಿರಲಿ ಎಂದು ಬಣ್ಣ, ವಾಸನೆ ಬೆರೆಸಿ, ಲೆಥಿಯಾನ್ ಎಂಬ ಹೊಸ ಹೆಸರಿಟ್ಟು ಪೇಟೆಂಟ್ ಪಡೆದಿದ್ದ. ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಈಥರ್ ಸಲಹೆ ತನ್ನದೆಂದು ಚಾರ್ಲ್ಸ್ ಜಾಕ್ಸನ್ ಎಂಬ ರಸಾಯನವಿಜ್ಞಾನಿ ಎದ್ದುನಿಂತ. ಅನಿಲ ಉಸಿರಾಡಿಸಿ ನೋವು ಕಳೆಯುವುದನ್ನು ಮೊದಲು ಮಾಡಿ ತೋರಿಸಿದ್ದು ತಾನು ಎಂದು ವೆಲ್ಸ್ ಹೇಳಿದ. ಮೂವರ ನಡುವೆ ವರ್ಷಗಟ್ಟಲೆ ನಡೆದ ಜಗಳ ಅದು. ಅದರಲ್ಲಿ ನಾಲ್ಕನೆಯವನೂ ಇದ್ದ. ಜಾರ್ಜಿಯಾ ರಾಜ್ಯದ ಹಳ್ಳಿ ವೈದ್ಯ ಕ್ರಾಫರ್ಡ್ ಲಾಂಗ್ 1842ರಲ್ಲೇ ಈಥರ್ ಕೊಟ್ಟು ಗಡ್ಡೆ ತೆಗೆದಿದ್ದ. 1849ರವರೆಗೆ ಅದನ್ನು ಪ್ರಕಟಿಸಲಿಲ್ಲ ಅಷ್ಟೆ.

ವೆಲ್ಸ್ ಫ್ರಾನ್ಸಿನ ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ವೈದ್ಯರ ಮುಂದೆ ತನ್ನ ವಾದ ಇಟ್ಟ. 1847ರಲ್ಲಿ ಹಿಂದಿರುಗಿ, ಎಲ್ಲವನ್ನೂ ದಿನಾಂಕ ಸಹಿತ ಒಂದು ಪುಸ್ತಿಕೆಯಾಗಿ ಪ್ರಕಟಿಸಿದ.

ಕ್ಲೋರೋಫಾರ್ಮ್

ಅದೇ ವರ್ಷದ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಎಂಬ ಹೊಸ ಅರಿವಳಿಕೆಯನ್ನು ಬಳಕೆಗೆ ತಂದ. ಅದು ಈಥರಿಗಿಂತ ಪ್ರಬಲ. 1848ರ ಜನವರಿಯಲ್ಲಿ ವೆಲ್ಸ್ ಒಬ್ಬನೇ ನ್ಯೂಯಾರ್ಕ್ ನಗರಕ್ಕೆ ಹೋಗಿ ನೆಲೆಸಿದ. ಹೊಸ ಔಷಧವನ್ನು ಪರೀಕ್ಷಿಸಬೇಕಿತ್ತು. ಈ ಬಾರಿಯೂ ತನ್ನ ಮೇಲೆಯೇ. ಆದರೆ ಈಗ ಪಕ್ಕದಲ್ಲಿ ರಿಗ್ಸ್ ಇರಲಿಲ್ಲ, ಸಾಕು ಎನ್ನಲು ಯಾರೂ ಇರಲಿಲ್ಲ. ಸುಮಾರು ಒಂದು ವಾರ ಮತ್ತೆ ಮತ್ತೆ ಕ್ಲೋರೋಫಾರ್ಮ್ ಸೇವಿಸಿದ. ಕ್ಲೋರೋಫಾರ್ಮ್ ಮಿದುಳಿನ ಮೇಲೆ ಕೆಲಸ ಮಾಡುವ ವಸ್ತು. ಪದೇ ಪದೇ ಸೇವಿಸಿದರೆ ಚಟ ಹಿಡಿಯುತ್ತದೆ, ವಿವೇಚನೆ ಕೆಡುತ್ತದೆ ಎಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

ಜನವರಿ 21, ಅವನ 33ನೆಯ ಹುಟ್ಟುಹಬ್ಬ. ಅಂದು ಬುದ್ಧಿ ಭ್ರಮಣೆಯಲ್ಲಿ ಬೀದಿಗೆ ಹೋಗಿ ಮಹಿಳೆಯರ ಮೇಲೆ ಆಮ್ಲ ಎರಚಿದ. ಪೊಲೀಸರು ಹಿಡಿದು ಸೆರೆಮನೆಗೆ ಹಾಕಿದರು. ಅಮಲು ಇಳಿದು, ತಾನು ಮಾಡಿದ್ದೇನೆಂದು ತಿಳಿದಾಗ ಅವನಿಗೆ ತಾಳಲಾಗಲಿಲ್ಲ. ಜನವರಿ 24ರಂದು ಸೆರೆಮನೆಯಲ್ಲೇ ಅವನು ತಾನಾಗಿ ಜೀವ ಕಳೆದುಕೊಂಡ. ಮನೆಯಲ್ಲಿ ಎಲಿಜಬೆತ್, ಎಂಟು ವರ್ಷದ ಚಾರ್ಲ್ಸ್ ಇದ್ದರು.

ಸಾಯುವುದಕ್ಕೆ ಕೆಲವು ದಿನ ಮುಂಚೆ ಪ್ಯಾರಿಸ್ಸಿನ ವೈದ್ಯಕೀಯ ಸಂಘವೊಂದು ಸಭೆ ಸೇರಿ, ಅನಿಲದ ಸಹಾಯದಿಂದ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಮೊದಲು ಕಂಡುಹಿಡಿದವನು ಹೊರೇಸ್ ವೆಲ್ಸ್ ಎಂದು ತೀರ್ಮಾನಿಸಿತ್ತು. ಅಂದು ತಂತಿ ಸಮುದ್ರ ದಾಟಿರಲಿಲ್ಲ. ಕಾಗದ ಹಡಗಿನಲ್ಲಿ ಬರಬೇಕಿತ್ತು. ಅದು ಅಮೆರಿಕ ತಲುಪಿದಾಗ ವೆಲ್ಸ್ ಇರಲಿಲ್ಲ.

ಚೀಲ ಮತ್ತೆ ಬಂತು

ವೆಲ್ಸ್‌ನೊಂದಿಗೆ ನಗೆ ಅನಿಲವನ್ನೂ ವೈದ್ಯರು ಮರೆತಿದ್ದರು. ಅದನ್ನು ಮತ್ತೆ ತಂದವನು ಯಾರು ಗೊತ್ತೆ? ಅದೇ ಕೋಲ್ಟನ್! ಊರೂರು ತಿರುಗಿ ಪ್ರದರ್ಶನ ಕೊಡುತ್ತಿದ್ದ ಅವನು ಹೋದಲ್ಲೆಲ್ಲ ವೆಲ್ಸ್‌ನ ಹಲ್ಲಿನ ಕತೆ ಹೇಳುತ್ತಿದ್ದ. 1863ರಲ್ಲಿ ಒಬ್ಬ ದಂತವೈದ್ಯ ಅವನ ಮಾತು ನಂಬಿ ಜೊತೆಗೂಡಿದ. ಈ ಸಲ ರೋಗಿಗಳು ಕೂಗಲಿಲ್ಲ. ಕೋಲ್ಟನ್ ನ್ಯೂಯಾರ್ಕ್‌ನಲ್ಲಿ ನೋವಿಲ್ಲದೆ ಹಲ್ಲು ಕೀಳುವ ಸಂಸ್ಥೆಯನ್ನೇ ತೆರೆದ. ಸಾವಿರಾರು ಜನರ ಹಲ್ಲು ಅಲ್ಲಿ ನಗೆ ಅನಿಲದ ಪ್ರಭಾವದಲ್ಲಿ ಹೊರಬಂದವು. ಅಮೆರಿಕದ ದಂತವೈದ್ಯರ ಸಂಘ 1864ರಲ್ಲಿ, ವೈದ್ಯರ ಸಂಘ 1870ರಲ್ಲಿ ವೆಲ್ಸ್‌ನ ಹಿರಿಮೆಯನ್ನು ಒಪ್ಪಿಕೊಂಡವು. 1875ರಲ್ಲಿ ಹಾರ್ಟ್‌ಫರ್ಡ್‌ನ ಬುಶ್ನೆಲ್ ಉದ್ಯಾನದಲ್ಲಿ ಅವನ ಪ್ರತಿಮೆ ನಿಂತಿತು.

ವೆಲ್ಸ್, ಕೋಲ್ಟನ್ ಇಬ್ಬರೂ ಕೊಟ್ಟದ್ದು ಬರೀ ನೈಟ್ರಸ್ ಆಕ್ಸೈಡ್. ಅದರಲ್ಲಿ ಆಕ್ಸಿಜನ್ ಪರಮಾಣು ಇದೆಯಲ್ಲ, ಉಸಿರಾಟಕ್ಕೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ನೈಟ್ರೋಜನ್‌ಗೆ ಕಟ್ಟುಬಿದ್ದಿರುವ ಆ ಆಕ್ಸಿಜನ್ ನಮ್ಮ ರಕ್ತಕ್ಕೆ ಸಿಗುವುದಿಲ್ಲ. ಹೀಗಾಗಿ ಹೆಚ್ಚು ಹೊತ್ತು ಎಳೆದರೆ ತುಟಿ ನೀಲಿಯಾಗಿ ಪ್ರಾಣಕ್ಕೇ ಅಪಾಯ. 1868ರಲ್ಲಿ ಶಿಕಾಗೋ ನಗರದ ಎಡ್ಮಂಡ್ ಆಂಡ್ರ್ಯೂಸ್ ಎಂಬ ವೈದ್ಯ ಇದಕ್ಕೆ ಆಕ್ಸಿಜನ್ ಬೆರೆಸಿ ಕೊಡಲು ಆರಂಭಿಸಿದ. ಇಂದಿಗೂ ಕ್ರಮ ಅದೇ.

ಹಲ್ಲಿಗೆ ಈಗ ಲಿಗ್ನೊಕೇನ್ ಚುಚ್ಚುಮದ್ದೇ ಹೆಚ್ಚು ಬಳಕೆ. ಸ್ವೀಡನ್ ದೇಶದಲ್ಲಿ 1943ರಲ್ಲಿ ತಯಾರಾದ ಔಷಧ ಅದು. ಸೂಜಿಗೆ ಹೆದರುವ ಮಕ್ಕಳಿಗೆ ಕೆಲವು ದಂತ ಚಿಕಿತ್ಸಾಲಯಗಳಲ್ಲಿ ಮೂಗಿನ ಮೇಲೆ ಪುಟ್ಟ ಮುಖವಾಡ ಇಟ್ಟು ನಗೆ ಅನಿಲ ಕೊಡುತ್ತಾರೆ. ಮಗು ಎಚ್ಚರವಾಗಿಯೇ ಇರುತ್ತದೆ, ಭಯ ಮಾತ್ರ ಇಳಿಯುತ್ತದೆ. ಮಿಶ್ರಣದಲ್ಲಿ ಆಕ್ಸಿಜನ್ ಕನಿಷ್ಠ ಶೇಕಡಾ 30ರಷ್ಟು ಇರಲೇಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಇರುವುದು ಶೇಕಡಾ 21.

ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅರಿವಳಿಕೆ ಯಂತ್ರದ ಪಕ್ಕ ನೀಲಿ ಬಣ್ಣದ ಸಿಲಿಂಡರ್ ಇದ್ದರೆ ಅದು ನೈಟ್ರಸ್ ಆಕ್ಸೈಡ್. ಕಪ್ಪು ಮೈ, ಬಿಳಿ ಹೆಗಲು ಇರುವುದು ಆಕ್ಸಿಜನ್. ಒಂದರ ಜಾಗದಲ್ಲಿ ಇನ್ನೊಂದನ್ನು ಜೋಡಿಸಿದರೆ ರೋಗಿಯ ಗತಿ? ಅದಕ್ಕಾಗಿ ಯಂತ್ರದ ನೊಗದಲ್ಲಿ ಪುಟ್ಟ ಮೊಳೆಗಳನ್ನೂ ಸಿಲಿಂಡರಿನ ಬಾಯಿಯಲ್ಲಿ ಅವಕ್ಕೆ ತಕ್ಕ ತೂತುಗಳನ್ನೂ ಇಟ್ಟಿರುತ್ತಾರೆ. ಒಂದೊಂದು ಅನಿಲಕ್ಕೆ ಅವುಗಳ ಜಾಗ ಬೇರೆ ಬೇರೆ. ನೀಲಿ ಸಿಲಿಂಡರನ್ನು ಆಕ್ಸಿಜನ್ನಿನ ಜಾಗಕ್ಕೆ ಎಷ್ಟು ಒತ್ತಿದರೂ ಅದು ಕೂರ‍ುವುದಿಲ್ಲ.